ಕತ್ತಿ ಅದ್ದಿ ನೋಡುವ ಹಕ್ಕು



ವಿಜ್ಞಾನ ಬರಹಗಾರರು ಸೇರಿರುವ ಈ ಸಮ್ಮೇಳನದ ಆಶಯ ‘ನಾಳಿನ ತಂತ್ರಜ್ಞಾನ, ನಿತ್ಯದ ಬದುಕು’ ಎಂದು ಆಹ್ವಾನ ಪತ್ರಿಕೆಯಲ್ಲಿದೆ. 2050ರಲ್ಲಿ ಏನೇನಾಗುತ್ತದೆ ಎಂದು ಹೇಳುವವರಿಗೆ ಈಗ ಬರವಿಲ್ಲ. ಮೊದಲು ಆ ಕೆಲಸವನ್ನು ಜೋಯಿಸರು ಮಾಡುತ್ತಿದ್ದರು, ಈಗ ಕಂಪನಿಗಳ ವಕ್ತಾರರು ವಹಿಸಿಕೊಂಡಿದ್ದಾರೆ. ನಾನು ಆ ಕೆಲಸದವನಲ್ಲ, ಅಡಿಕೆ ಸೀಮೆಯವನು. ತೋಟಕ್ಕೆ ಬಂದ, ಬರುತ್ತಿರುವ ಯಂತ್ರಗಳ ಬಗ್ಗೆಯಾದರೆ ನಾಲ್ಕು ಮಾತು ಆಡಬಲ್ಲೆ.

ಮಳೆ ಜಡಿದು ಹಿಡಿದರೆ ಅಡಿಕೆಗೆ ಕೊಳೆ ಬರುತ್ತದೆ. ಎಳೆಗಾಯಿ ಉದುರಿ, ಬೆಳ್ಳಗೆ ಬೂಸ್ಟು ಹಿಡಿದು ಮರದ ಬುಡದಲ್ಲಿ ರಾಶಿ ಬೀಳುತ್ತದೆ. ಹಿಂದೆ ಇದಕ್ಕಿದ್ದ ಉಪಾಯ ಕೊಟ್ಟೆ ಕಟ್ಟುವುದು: ಒಣಹುಲ್ಲಿನಲ್ಲಿ ಹೆಣೆದ ಕೊಡೆಯಂಥ ಹೊದಿಕೆಯನ್ನು ಮರ ಹತ್ತಿ ಗೊನೆಗೊನೆಗೂ ಕಟ್ಟಬೇಕು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಮಲೆನಾಡಿನ ಗೊನೆಗೆ ಹೊಂದಿಸಿದರು. ಶತಮಾನ ದಾಟಿದರೂ ಮುಂಗಾರಿಗೆ ಮುನ್ನ ನಮ್ಮ ಮನೆಗಳಲ್ಲಿ ಡ್ರಮ್ಮು, ಮೈಲುತುತ್ತ, ಸುಣ್ಣ ಅಣಿಯಾಗುತ್ತವೆ.

ಲೆಕ್ಕ ಸರಳ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು, ಕಬ್ಬಿಣದ ಪಾತ್ರೆ ಕೂಡದು. ಇನ್ನು ಹದ ನೋಡುವ ಬಗೆ. ಚೆನ್ನಾಗಿ ಉಜ್ಜಿ ಹೊಳಪು ಬಂದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ, ಒಂದು ನಿಮಿಷ ಬಿಟ್ಟು ತೆಗೆಯುತ್ತಾರೆ. ಅಲಗಿಗೆ ಕೆಂಪು ಹತ್ತಿದ್ದರೆ ಸುಣ್ಣ ಸಾಲದು, ಮೈಲುತುತ್ತದ ತಾಮ್ರ ಬಿಡಿಯಾಗಿ ಉಳಿದು ಕಬ್ಬಿಣಕ್ಕೆ ಅಂಟಿದೆ. ಅದನ್ನೇ ಹೊಡೆದರೆ ಎಳೆಗಾಯಿ ಸುಟ್ಟುಹೋಗುತ್ತದೆ. ಇನ್ನಷ್ಟು ಸುಣ್ಣ ಬೆರೆಸಿ ಮತ್ತೆ ಅದ್ದುತ್ತಾರೆ. ಶಾಲೆಯ ಮೆಟ್ಟಿಲು ಹತ್ತದವರೂ ಈ ಪರೀಕ್ಷೆ ಮಾಡುತ್ತಿದ್ದರು. ಅವರಿಗೆ ರಸಾಯನಶಾಸ್ತ್ರ ತಿಳಿಯದಿರಬಹುದು, ದ್ರಾವಣ ಕೆಟ್ಟಿದ್ದರೆ ಮಾತ್ರ ಯಾರನ್ನೂ ಕೇಳದೆ ತಿಳಿಯುತ್ತಿತ್ತು.

ಹೊಸದಾಗಿ ಬರುವ ಪ್ರತಿ ಯಂತ್ರದ ಬಗ್ಗೆಯೂ ನಾನು ಕೇಳುವ ಪ್ರಶ್ನೆ ಇದೊಂದೇ: ಬಳಸುವವನ ಕೈಯಲ್ಲಿ ಅದ್ದಿ ನೋಡಲು ಕತ್ತಿ ಇದೆಯೇ?

ಕಾರ್ಬನ್ ಫೈಬರ್ ದೋಟಿಯನ್ನೇ ನೋಡಿ. ವಿಮಾನಕ್ಕೂ ರೇಸ್ ಕಾರಿಗೂ ಬಳಸುವ ವಸ್ತು ನಮ್ಮ ಅಂಗಳಕ್ಕೆ ಬಂದು, ನೆಲದಲ್ಲಿ ನಿಂತೇ ಗೊನೆ ಇಳಿಸಬಹುದು, ಔಷಧ ಹೊಡೆಯಬಹುದು ಎಂದಾಯಿತು. ಮಳೆಯಲ್ಲಿ ಜಾರುವ ಮರ ಹತ್ತುತ್ತಿದ್ದ ಕೊನೆಗೌಡರ ಮನೆಯವರು ಸಂಜೆಯವರೆಗೆ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದುದನ್ನು ಬಲ್ಲವರಿಗೆ ಇದು ಎಂಥ ಉಪಕಾರ ಎಂದು ಬಿಡಿಸಿ ಹೇಳಬೇಕಿಲ್ಲ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೂ ಹಲವರು ಕೊಂಡರು. ಈ ಬದಲಾವಣೆಯ ಬಗ್ಗೆ ಕನ್ನಡದಲ್ಲಿ ನಾನು ಓದಿದ್ದೆಲ್ಲ ಹೊಗಳಿಕೆಯೇ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ ಎಂಬ ಮಾತು ಆ ಬರಹಗಳಲ್ಲಿ ಎಷ್ಟು ಕಡೆ ದಪ್ಪಕ್ಷರದಲ್ಲಿದೆ? ಬಿದಿರಿನ ದೋಟಿ ಹಿಡಿದು ಬೆಳೆದ ಕೈ ಅದೇ ಧೈರ್ಯದಲ್ಲಿ ತೋಟದ ಮೇಲೆ ಹಾದುಹೋದ ಕರೆಂಟಿನ ತಂತಿಯ ಪಕ್ಕ ಇದನ್ನು ಎತ್ತಿದರೆ ಮುಂದಿನದು ಹೇಳುವಂಥದ್ದಲ್ಲ. ಇಲ್ಲಿ ಕತ್ತಿ ಅದ್ದಿ ನೋಡಲು ಬರುವುದಿಲ್ಲ, ಮೊದಲೇ ತಿಳಿದಿರಬೇಕು. ತಿಳಿಸಬೇಕಾದವರು ನಾವು.

ಡ್ರೋನಿಗೆ ಬರೋಣ. 10 ಲೀಟರ್ ಟ್ಯಾಂಕು ಹೊತ್ತು ಹಾರಿ, ಭತ್ತದ ಗದ್ದೆಗೆ ನೋಡನೋಡುತ್ತ ಔಷಧ ಸಿಂಪಡಿಸುತ್ತದೆ. ಅಡಿಕೆಯ ಕಥೆ ಬೇರೆ. ಗೊನೆ ಬಿಡುವುದು ಸೋಗೆಗಳ ಕೆಳಗೆ, ಡ್ರೋನು ಹಾರುವುದು ಸೋಗೆಗಳ ಮೇಲೆ. ಸೋಗೆ ತೊಯ್ದದ್ದನ್ನು ಕಂಡು ಕೆಳಗೆ ನಿಂತವನು ಬಾಡಿಗೆ ಕೊಟ್ಟು ಕಳಿಸುತ್ತಾನೆ. ಗೊನೆ ತೊಯ್ದಿತೇ ಎಂಬುದು ಕೊಳೆ ಬಂದ ಮೇಲೆ ಗೊತ್ತಾಗುತ್ತದೆ. ಇದಕ್ಕೊಂದು ಕತ್ತಿ ಇದೆ. ಹನಿ ಬಿದ್ದಲ್ಲಿ ನೀಲಿಯಾಗುವ ಹಳದಿ ಕಾಗದವನ್ನು ಸಿಂಪರಣೆ ಅಳೆಯುವ ಸಂಶೋಧಕರು ಬಳಸುತ್ತಾರೆ. ನಾಲ್ಕೈದು ಗೊನೆಗಳಿಗೆ ಅದರ ಚೂರು ಕಟ್ಟಿ, ಡ್ರೋನು ಹಾರಿದ ಮೇಲೆ ಬಿಚ್ಚಿ ನೋಡಿದರೆ ಸಾಕು. ಬಾಡಿಗೆ ಕೊಡುವ ಮುಂಚೆ ಈ ಕಾಗದ ನೋಡುವ ರೂಢಿ ಬಂದರೆ ಡ್ರೋನು ಹಾರಿಸುವ ಹುಡುಗರೂ ಚುರುಕಾಗುತ್ತಾರೆ.

ಎಲೆಯ ಫೋಟೋ ತೆಗೆದರೆ ರೋಗ ಹೇಳುವ ಆ್ಯಪುಗಳೂ ಬಂದಿವೆ. ಸಾವಿರಾರು ಎಲೆಗಳ ಚಿತ್ರ ನೋಡಿ ಕಲಿತವು ಅವು, ಎಷ್ಟೋ ಸಲ ಸರಿಯಾಗಿಯೇ ಹೇಳುತ್ತವೆ. ಆದರೆ ಗೊಬ್ಬರ ಸಾಲದೆ ಹಳದಿಯಾದ ಸೋಗೆಗೂ ಹಳದಿ ಎಲೆ ರೋಗ ತಗುಲಿದ ಸೋಗೆಗೂ ಇರುವ ಅಂತರ ಪಳಗಿದ ಕಣ್ಣಿಗೇ ಮೋಸ ಮಾಡುತ್ತದೆ. ಹಾಗಾಗಿ ಆ್ಯಪಿಗೊಂದು ಪರೀಕ್ಷೆ ಕೊಡಿ. ಅದೇ ಎಲೆಯನ್ನು ಬೆಳಗಿನ ಬಿಸಿಲಲ್ಲಿ, ನೆರಳಲ್ಲಿ, ಸ್ವಲ್ಪ ಓರೆಯಾಗಿ ತೋರಿಸಿ. ಮೂರು ಸಲ ಮೂರು ರೋಗ ಹೇಳಿತೋ, ಆ ದಿನ ಔಷಧದ ಅಂಗಡಿಗೆ ಹೋಗಬೇಡಿ. ಆಮೇಲೆ ಹಲಸಿನ ಎಲೆ ತೋರಿಸಿ, ‘ಗೊತ್ತಿಲ್ಲ’ ಎನ್ನುತ್ತದೆಯೋ ನೋಡಿ. ಗೊತ್ತಿಲ್ಲ ಎನ್ನಲು ಬಾರದ ವೈದ್ಯನ ಬಳಿ ನಾವು ಹೋಗುವುದಿಲ್ಲವಷ್ಟೆ.

ಮಾತಾಡುವ ಯಂತ್ರಗಳದ್ದೂ ಇದೇ ಪಾಡು, ಸ್ವಲ್ಪ ದೊಡ್ಡ ಪ್ರಮಾಣದಲ್ಲಿ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರದ ಜೊತೆ ಹರಟುವುದು ಮಕ್ಕಳಾಟವಾಗಿದೆ. ಅದೇ ವರ್ಷ ಶುರುವಾದ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಿಗೆ ಇಂಥ ಸೌಕರ್ಯ ಕಟ್ಟಲು ಹೊರಟಿದೆ. ಓದು ಬಾರದ ಅಜ್ಜಿ ಫೋನಿಗೆ ಬಾಯಲ್ಲಿ ಕೇಳಿ ಪಿಂಚಣಿಯ ವಿವರ ತಿಳಿಯುವ ದಿನ ಬಂದರೆ ನನಗಿಂತ ಸಂತೋಷಪಡುವವರಿಲ್ಲ. ಆದರೆ ಒಳಗಿನ ಲೆಕ್ಕವೂ ತಿಳಿದಿರಲಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಕಂಪ್ಯೂಟರಿನಲ್ಲಿ 1 ಬೈಟ್ ಸಾಕು. ಈಗ ಚಾಲ್ತಿಯಲ್ಲಿರುವ ಸಂಕೇತದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ‘ಸ್ತ್ರೀ’ ಎಂದು ಬರೆದರೆ ಒತ್ತು, ದೀರ್ಘ ಸೇರಿ 6 ಚಿಹ್ನೆ, 18 ಬೈಟ್. ಇಂಗ್ಲಿಷನ್ನೇ ಹೆಚ್ಚು ಓದಿ ಬೆಳೆದ ಯಂತ್ರ ನಮ್ಮ ಪದವನ್ನು ಚೂರುಚೂರು ಮಾಡಿ ನುಂಗುತ್ತದೆ. ಚೂರಿನ ಲೆಕ್ಕದಲ್ಲಿ ದುಡ್ಡು ಕೀಳುವ ಸೇವೆಗಳಲ್ಲಿ ಅದೇ ಮಾತಿಗೆ ಕನ್ನಡಿಗ ಹೆಚ್ಚು ತೆರಬೇಕಾಗುತ್ತದೆ. ಇನ್ನು ಕಲಬುರಗಿಯ ‘ಬರ್ಲಿಕತ್ತೀನಿ’ಯನ್ನೂ ಕುಂದಾಪುರದ ಮಾತನ್ನೂ ವಾರ್ತೆ ಓದುವವರ ಕನ್ನಡ ಕೇಳಿ ಕಲಿತ ಯಂತ್ರ ಹೇಗೆ ಹಿಡಿದೀತು? ನಮ್ಮ ಆಡುಮಾತುಗಳನ್ನು ಧ್ವನಿಮುದ್ರಿಸಿ ಎಲ್ಲರ ಬಳಕೆಗೆ ಬಿಡುವ ಕೆಲಸ ವಿಶ್ವವಿದ್ಯಾಲಯಗಳಿಗೆ ಬಿಟ್ಟಿದ್ದು ಎಂದು ನಾವು ಕೈಕಟ್ಟಿ ಕೂರುವಂತಿಲ್ಲ.

ಮಾತಾಡುವ ಈ ಯಂತ್ರ, ಮುಂದೆ ಯಾವ ಚೂರು ಬರಬಹುದು ಎಂದು ಅಂದಾಜು ಹಾಕುತ್ತ ಸಾಲು ಕಟ್ಟುತ್ತದೆ. ತಿಳಿದದ್ದನ್ನೂ ತಿಳಿಯದ್ದನ್ನೂ ಒಂದೇ ಠೀವಿಯಲ್ಲಿ ಹೇಳುತ್ತದೆ. ಮಕ್ಕಳೇ, ನಿಮ್ಮ ಊರ ಕೆರೆಯ ಬಗ್ಗೆ, ನಿಮ್ಮ ಶಾಲೆಯ ಬಗ್ಗೆ ಅದನ್ನು ಕೇಳಿ ನೋಡಿ. ನಿಮಗೆ ಉತ್ತರ ಗೊತ್ತಿರುವುದನ್ನೇ ಮೊದಲು ಕೇಳಿ.

ಕತ್ತಿಯೇ ಇಲ್ಲದ ಯಂತ್ರವೊಂದು ನ್ಯಾಯಬೆಲೆ ಅಂಗಡಿಯಲ್ಲಿದೆ: ಪಡಿತರ ಕೊಡುವ ಮುನ್ನ ಬೆರಳಚ್ಚು ನೋಡುವ ಯಂತ್ರ. ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವ ಹೆಂಗಸರ ಬೆರಳು ನೋಡಿದ್ದೀರಾ? ತುದಿಯೆಲ್ಲ ಕಪ್ಪಗೆ ಕರೆಗಟ್ಟಿ, ಚರ್ಮ ಸವೆದಿರುತ್ತದೆ. ಬೆರಳಚ್ಚಿನ ಯಂತ್ರ ಹುಡುಕುವುದು ಗೆರೆ ಎಲ್ಲಿ ಮುಗಿಯಿತು, ಎಲ್ಲಿ ಕವಲೊಡೆಯಿತು ಎಂಬುದನ್ನು. ಆ ಗೆರೆಗಳೇ ಸವೆದಿವೆ. ‘ಇನ್ನೊಂದ್ ಸಲ ತಂಬ್ ಕೊಡಕ್ಕ’ ಎನ್ನುತ್ತಾರೆ ಅಂಗಡಿಯವರು. ಸೆರಗಿಗೆ ಒರೆಸಿ ಒತ್ತಿದರೂ ಇಲ್ಲ, ಎಡಗೈ ಇಟ್ಟರೂ ಇಲ್ಲ. ‘ಸರ್ವರ್ ಇಲ್ಲ, ನಾಳೆ ಬಾ’ ಎಂದರೆ ಅದು ಸರ್ವರಿನ ತಪ್ಪೋ ಬೆರಳಿನ ತಪ್ಪೋ ಆಕೆಗೆ ತಿಳಿಯುವ ದಾರಿಯೇ ಇಲ್ಲ. ಒಂದು ದಿನದ ಕೂಲಿ ಹೋಯಿತು. ಆಧಾರ್ ವ್ಯವಸ್ಥೆಯಲ್ಲಿ ಕಣ್ಣಿನ ಪಾಪೆಗೂ ಒಟಿಪಿಗೂ ಅವಕಾಶ ಇದೆ. ಇದೆ ಎಂಬುದನ್ನು ಸಾಲಿನಲ್ಲಿ ನಿಂತ ಅಕ್ಕನಿಗೆ ಹೇಳುವವರು ಯಾರು?

ಸಂಜೆ ನಿರ್ಣಯಗಳ ಮಂಡನೆ ಇದೆ. ಅದರಲ್ಲಿ ಎರಡು ಸಾಲು ಸೇರಿಸಬೇಕೆಂದು ಸಭೆಯನ್ನು ಕೋರುತ್ತೇನೆ. ಸರ್ಕಾರದ ಯಾವ ಕೌಂಟರಿನಲ್ಲಿ ಯಂತ್ರ ‘ಇಲ್ಲ’ ಎನ್ನಬಲ್ಲದೋ ಅಲ್ಲೆಲ್ಲ, ಮುಂದೇನು ಮಾಡಬೇಕು, ಯಾರನ್ನು ಕಾಣಬೇಕು ಎಂಬುದನ್ನು ಕನ್ನಡದಲ್ಲಿ ಗೋಡೆಗೆ ಬರೆದಿರಬೇಕು, ಕಾಣಬೇಕಾದವರು ಅಲ್ಲಿ ಇರಲೂ ಬೇಕು. ಎರಡನೆಯದು ನಮಗೇ. ಇಲ್ಲಿ ಕೂತಿರುವ ಪ್ರತಿ ಬರಹಗಾರರೂ ಮುಂದಿನ ಸಮ್ಮೇಳನದ ಹೊತ್ತಿಗೆ ಒಂದೊಂದು ಯಂತ್ರ ಆರಿಸಿಕೊಂಡು, ಅದನ್ನು ಬಳಸುವವರು ತಾವೇ ಮಾಡಬಹುದಾದ ಪರೀಕ್ಷೆಗಳ ಕಿರುಹೊತ್ತಿಗೆ ಬರೆಯಬೇಕು. ಹದಿನಾರು ಪುಟ ಸಾಕು, ಚಿತ್ರ ಹೆಚ್ಚಿರಲಿ. ದೋಟಿಯದ್ದು ನನ್ನ ಪಾಲಿಗಿರಲಿ. ಅದರ ಕರಡನ್ನು ಹೊರಗಿನ ಪುಸ್ತಕ ಮಳಿಗೆಯಲ್ಲಿ ಇಟ್ಟಿದ್ದೇನೆ. ತೋಟದಲ್ಲಿ ಕೆಲಸ ಮಾಡುವವರು ಊಟದ ಬಿಡುವಿನಲ್ಲಿ ತಿರುವಿ ಹಾಕಿ, ತಪ್ಪು ಕಂಡಲ್ಲಿ ಪೆನ್ನಿನಲ್ಲಿ ಗೀಚಿ ಕೊಡಿ.