ಮಗು ಬಿದ್ದರೂ ಪರವಾಗಿಲ್ಲ ಅನ್ನೋ ಕೆರೆ ಎಲ್ಲಿದೆ?

ಈ ವಾರದ ಎಪಿಸೋಡ್ ಒಬ್ಬ ಕೇಳುಗರ ವಾಯ್ಸ್ ನೋಟ್‌ನಿಂದ ಶುರು. ಅವರಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ, ಮನೆ ವರ್ತೂರು ಕಡೆ, ಇಬ್ಬರು ಮಕ್ಕಳು. ಕೇಳಿದ್ದು ಇಷ್ಟೇ: “ದೀಪಾವಳಿ ರಜೆಯಲ್ಲಿ ಮಕ್ಕಳನ್ನ ಒಂದು ದಿನ ಹಾಯಿದೋಣಿಗೆ ಕರ್ಕೊಂಡು ಹೋಗ್ಬೇಕು. ಪೆಡಲ್ ಬೋಟ್ ಅಲ್ಲ, ಗಾಳಿಯಲ್ಲಿ ಓಡೋದು. ನಮ್ಮ ಸುತ್ತಮುತ್ತ ಇಷ್ಟು ಕೆರೆ ಇದ್ಯಲ್ಲ, ಎಲ್ಲಿಗೆ ಹೋಗ್ಲಿ ಬ್ರೋ?”

ಚಿಕ್ಕ ಉತ್ತರ: ನಿಮ್ಮ ಮನೆ ಹತ್ತಿರದ ಕೆರೆಗಂತೂ ಬೇಡ. ಯಾಕೆ ಬೇಡ ಅನ್ನೋದೇ ಇವತ್ತಿನ ಮಾತು.

ಮೊದಲು ಒಂದು ಒಳ್ಳೆ ಸುದ್ದಿ. ನೀವು ಆರಿಸಿಕೊಂಡ ಸಮಯ ಚೆನ್ನಾಗಿದೆ. ನಮ್ಮ ಕಡೆ ಗಾಳಿ ಜೋರಾಗೋದು ಆಷಾಢದಲ್ಲಿ. ಗಾಳಿಪಟ ಹಾರಿಸಿದವರಿಗೆಲ್ಲ ಇದು ಗೊತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದಿಂದ ಬೀಸೋ ಆ ಗಾಳಿ ರೇಸ್ ಮಾಡೋರಿಗೆ ಹಬ್ಬ, ಹೊಸಬರಿಗೆ ಕಷ್ಟ. ದಸರಾ ಹೊತ್ತಿಗೆ ಅದು ಇಳಿಯುತ್ತೆ, ಆಮೇಲೆ ನಿಧಾನಕ್ಕೆ ಪೂರ್ವ, ಈಶಾನ್ಯದ ಕಡೆಗೆ ತಿರುಗುತ್ತೆ. ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರ್, ನವೆಂಬರ್‌ನಲ್ಲಿ ಕೆರೆ, ಡ್ಯಾಮ್ ತುಂಬಿರುತ್ತವೆ. ಬಿಸಿಲು ಹದವಾಗಿರುತ್ತೆ. ಮನೆಮಂದಿಯೆಲ್ಲ ನೀರಿಗಿಳಿಯೋಕೆ ಇದು ಸೀಸನ್ನಿನ ಕೊನೆಯ ಒಳ್ಳೆ ಅವಕಾಶ. ಒಂದೇ ಎಚ್ಚರಿಕೆ, ಚಿತ್ತಾ ಮತ್ತು ಸ್ವಾತಿ ಮಳೆ ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು ತರುತ್ತೆ. ಬೆಳಗ್ಗೆ ಹೋಗಿ, ಮೋಡ ಕಪ್ಪಾಗೋ ಮೊದಲೇ ದಡ ಸೇರಬೇಕು.

ಈಗ ದೋಣಿ ವಿಷಯ. ಪ್ರಪಂಚದಾದ್ಯಂತ ಮಕ್ಕಳು ಹಾಯಿದೋಣಿ ಕಲಿಯೋದು ಹೆಚ್ಚಾಗಿ ‘ಆಪ್ಟಿಮಿಸ್ಟ್’ ಅನ್ನೋ ಪುಟ್ಟ ದೋಣಿಯಲ್ಲಿ. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಇದನ್ನ ವಿನ್ಯಾಸ ಮಾಡಿದರು. ಉದ್ದ ಸುಮಾರು 2.3 ಮೀಟರ್, ತೂಕ 35 ಕೆ.ಜಿ. ಒಂದು ಹಾಯಿ, ಒಂದು ಚುಕ್ಕಾಣಿ, ಅಡಿಯಲ್ಲಿ ನೀರಿಗಿಳಿಯೋ ಒಂದು ಹಲಗೆ. ಗಾಳಿ ಪಕ್ಕಕ್ಕೆ ತಳ್ಳಿದಾಗ ದೋಣಿ ಪಕ್ಕಕ್ಕೆ ಜಾರದೆ ಮುಂದಕ್ಕೆ ಹೋಗೋದು ಆ ಹಲಗೆಯಿಂದ. ಗಾಳಿಗೆ ನೇರ ಎದುರಾಗಿ ಹೋಗೋಕೆ ಆಗಲ್ಲ, ಘಾಟಿ ರಸ್ತೆ ಥರ ಅಂಕುಡೊಂಕಾಗಿ ಹೋಗ್ಬೇಕು.

ಇಲ್ಲಿ ಮುಖ್ಯವಾದ ಮಾತು. ಕಲಿಯುವಾಗ ಈ ದೋಣಿ ಮಗುಚುತ್ತೆ. ಅದನ್ನ ಅಪಘಾತ ಅಂತ ಯಾರೂ ಕರೆಯಲ್ಲ, ಅದು ಪಾಠದ ಒಂದು ಭಾಗ. ಮಗುಚಿದ ದೋಣಿಯನ್ನ ನೆಟ್ಟಗೆ ಮಾಡಿ ಮತ್ತೆ ಹತ್ತೋದನ್ನ ಮಕ್ಕಳಿಗೆ ಶುರುವಿನಲ್ಲೇ ಕಲಿಸ್ತಾರೆ. ಅಂದ್ರೆ ಮಗು ನೀರಿಗೆ ಬೀಳುತ್ತೆ, ಒಂದೆರಡು ಗುಟುಕು ನೀರು ಬಾಯಿಗೂ ಹೋಗುತ್ತೆ. ಪೆಡಲ್ ಬೋಟ್‌ಗೂ ಇದಕ್ಕೂ ಇರೋ ವ್ಯತ್ಯಾಸ ಇದೇ. ಕೊಳಕು ಕೆರೆಯಲ್ಲೂ ಪೆಡಲ್ ಬೋಟ್ ಓಡಿಸಬಹುದು, ಮೂಗು ಮುಚ್ಕೊಂಡ್ರೆ ಆಯ್ತು. ಹಾಯಿದೋಣಿಗೆ ಬೇಕಾಗಿರೋದು ಮಗು ಬಿದ್ದರೂ ಪರವಾಗಿಲ್ಲ ಅನ್ನೋ ನೀರು.

ಅಂಥ ನೀರಿಗೆ ಒಂದು ಅಳತೆ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನ ಎ ಇಂದ ಇ ವರೆಗೆ ಐದು ದರ್ಜೆ ಮಾಡಿದೆ. ಹೊರಗೆ ಸ್ನಾನ ಮಾಡೋಕೆ ಯೋಗ್ಯವಾದದ್ದು ‘ಬಿ’. ಅದಕ್ಕೆ 100 ಮಿ.ಲೀ. ನೀರಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸಂಖ್ಯೆ 500 ದಾಟಬಾರದು. ಕರಗಿದ ಆಮ್ಲಜನಕ ಲೀಟರ್‌ಗೆ ಕನಿಷ್ಠ 5 ಮಿ.ಗ್ರಾಂ. ಇರಬೇಕು. ಬಿಒಡಿ, ಅಂದ್ರೆ ನೀರಿನ ಕೊಳೆ ಕರಗಿಸೋಕೆ ಸೂಕ್ಷ್ಮಜೀವಿಗಳು ಬಳಸೋ ಆಮ್ಲಜನಕ, 3 ಮಿ.ಗ್ರಾಂ. ಒಳಗಿರಬೇಕು. ‘ಡಿ’ ಅಂದ್ರೆ ಮೀನು, ವನ್ಯಜೀವಿಗಳಿಗೆ. ‘ಇ’ ಅಂದ್ರೆ ನೀರಾವರಿ, ಕಾರ್ಖಾನೆ ತಂಪು ಮಾಡೋದು, ಅಷ್ಟಕ್ಕೆ. ಬೆಂಗಳೂರಿನ ಕೆರೆಗಳ ನೀರನ್ನ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪರೀಕ್ಷೆ ಮಾಡಿ ಪಟ್ಟಿ ಹಾಕುತ್ತೆ. ನಮ್ಮ ಕೆರೆಗಳಲ್ಲಿ ಹೆಚ್ಚಿನವು ಬರೋದು ಡಿ ಮತ್ತು ಇ ದರ್ಜೆಯಲ್ಲೇ.

ಕೇಳುಗರ ಮನೆ ಹತ್ತಿರದ ವರ್ತೂರು ಕೆರೆಯನ್ನೇ ತಗೊಳ್ಳಿ. ಬೆಳ್ಳಂದೂರು ಕೆರೆ ಕೋಡಿ ಹರಿದು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಬೆಳ್ಳಂದೂರು ಸುಮಾರು 900 ಎಕರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಎಚ್‌ಎಎಲ್‌ಗೆ ರಿಪೇರಿಗೆ ಬರ್ತಿದ್ದ ಕ್ಯಾಟಲೀನಾ ವಿಮಾನಗಳು ಈ ಕೆರೆಯ ನೀರಿನ ಮೇಲೇ ಇಳೀತಿದ್ವು. ವಿಮಾನ ಇಳಿಯೋಷ್ಟು ವಿಶಾಲ ಇದ್ದ ನೀರು, ಹಾಯಿದೋಣಿಗೆ ಎಷ್ಟು ಚೆನ್ನಾಗಿರ್ತಿತ್ತು ಯೋಚಿಸಿ. ಅದೇ ಕೆರೆಗೆ 2015ರಲ್ಲಿ ಬೆಂಕಿ ಬಿತ್ತು. 2017ರಲ್ಲಿ ಮತ್ತೆ, 2018ರ ಜನವರಿಯಲ್ಲಿ ಇನ್ನೊಮ್ಮೆ. ಆ ಸಲ ಬೆಂಕಿ ಆರಿಸೋಕೆ ಸೇನೆಯ ಜವಾನರೇ ಇಳಿಯಬೇಕಾಯ್ತು. ವರ್ತೂರು ಕೋಡಿಯ ನೊರೆ ರಸ್ತೆಗೆ ಹಾರಿ ಬೈಕ್‌ನವರ ಮುಖಕ್ಕೆ ಬಡಿದಿದ್ದು ಈ ಕಡೆ ಓಡಾಡೋ ಎಲ್ಲರಿಗೂ ನೆನಪಿದೆ.

ಪೀಣ್ಯ ಕಡೆಯವರು ಹೆಸರಘಟ್ಟ ಅನ್ನಬಹುದು. 1894ರಲ್ಲಿ ಅರ್ಕಾವತಿಗೆ ಕಟ್ಟಿದ್ದು, ಬೆಂಗಳೂರಿಗೆ ಕುಡಿಯೋ ನೀರು ಕೊಟ್ಟ ಕೆರೆ. ಆದ್ರೆ ಅಲ್ಲಿ ನೀರು ನಿಲ್ಲೋದನ್ನ ವರ್ಷದಿಂದ ವರ್ಷಕ್ಕೆ ನಂಬುವಂತಿಲ್ಲ. ದೋಣಿ ಅಡಿಯ ಹಲಗೆಗೆ ಆಳ ಬೇಕು, ಜೊಂಡು ಇರಬಾರದು.

ಹಾಗಾದ್ರೆ ಬೆಂಗಳೂರಲ್ಲಿ ಹಾಯಿದೋಣಿ ಇಲ್ವಾ? ಇದೆ, ಹಲಸೂರು ಕೆರೆಯಲ್ಲಿ. ಪಕ್ಕದಲ್ಲೇ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ, ಹಾಯಿದೋಣಿ ತರಬೇತಿ ಅವರದ್ದೇ. ಸೇನೆಯ ಎಂಜಿನಿಯರ್‌ಗಳು 1985ರಿಂದ 1987ರವರೆಗೆ ‘ತೃಷ್ಣಾ’ ಅನ್ನೋ ಹಾಯಿಹಡಗಲ್ಲಿ ಭೂಮಿಯನ್ನೇ ಸುತ್ತಿ ಬಂದರು. ಅದೇ ಹೆಸರಿನ ತೃಷ್ಣಾ ಸೇಲಿಂಗ್ ಕ್ಲಬ್ ಇವತ್ತು ಮಕ್ಕಳನ್ನ ರೇಸ್‌ಗೆ ಇಳಿಸುತ್ತೆ. ಆದ್ರೆ ಹಲಸೂರು ಕೆರೆಯಲ್ಲೂ 2016ರ ಮಾರ್ಚ್‌ನಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದವು.

“ಕೊಳಕು ನೀರಲ್ಲೂ ಒಲಿಂಪಿಕ್ಸ್ ಮಾಡಿದ್ರಲ್ಲ” ಅಂತ ನೀವು ಕೇಳಬಹುದು. ನಿಜ, 2016ರ ರಿಯೊ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆ ಚರಂಡಿ ನೀರು ಸೇರೋ ಗ್ವಾನಬಾರ ಕೊಲ್ಲಿಯಲ್ಲೇ ನಡೀತು. ಅದಕ್ಕೆ ಒಂದು ವರ್ಷ ಮೊದಲು, ಅಲ್ಲಿನ ಪೂರ್ವಭಾವಿ ಸ್ಪರ್ಧೆ ಮುಗಿಸಿ ಹೋದ ಜರ್ಮನಿಯ ಎರಿಕ್ ಹೈಲ್‌ಗೆ ಸಾಮಾನ್ಯ ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾದ ಸೋಂಕು ತಗುಲಿತ್ತು. ಪದಕದ ಆಸೆಗೆ ದೊಡ್ಡವರು ಆ ರಿಸ್ಕ್ ತಗೊಳ್ತಾರೆ. ಏಳು ವರ್ಷದ ಮಗು ಪರವಾಗಿ ನಾವು ತಗೊಳ್ಳೋ ಹಾಗಿಲ್ಲ.

ಸರಿ, ಈ ರಜೆಗೆ ಏನು ಮಾಡೋದು? ಕೆಆರ್‌ಎಸ್ ಹಿನ್ನೀರು. ಬೆಂಗಳೂರಿಂದ ಸುಮಾರು 140 ಕಿ.ಮೀ., ಎಲೆಕ್ಟ್ರಾನಿಕ್ ಸಿಟಿಯವರು ನೈಸ್ ರಸ್ತೆ ಹಿಡಿದು ಮೈಸೂರು ಹೆದ್ದಾರಿ ಸೇರಬಹುದು. ತೃಷ್ಣಾ ಕ್ಲಬ್ ಅಲ್ಲೂ ಇದೆ, ರಾಷ್ಟ್ರಮಟ್ಟದ ಸ್ಪರ್ಧೆಗಳೂ ಅಲ್ಲಿ ನಡೆದಿವೆ. ಹೊರಡೋ ಮೊದಲು ಎರಡು ಕೆಲಸ. ಡ್ಯಾಮ್ ಮಟ್ಟ ನೋಡಿ, ಪೂರ್ತಿ ಮಟ್ಟ 124.80 ಅಡಿ, ದಿನಾ ಸುದ್ದಿಯಲ್ಲಿ ಬರುತ್ತೆ. ಕ್ಲಬ್‌ಗೆ ಮೊದಲೇ ಕೇಳಿ, ನೇರ ಹೋಗಿ ಟಿಕೆಟ್ ತಗೊಳ್ಳೋ ಜಾಗ ಅಲ್ಲ ಅದು. ಅನುಮತಿ ಇಲ್ಲದ ಕಡೆ ಹಿನ್ನೀರಿಗೆ ಇಳಿಯಲೇಬೇಡಿ.

ಎಲ್ಲೇ ದೋಣಿ ಹತ್ತಿದ್ರೂ ಲೈಫ್ ಜಾಕೆಟ್ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಅಳತೆಗೆ ಸರಿಯಾಗಿರಬೇಕು, ಬಕಲ್ ಹಾಕಿರಬೇಕು, ಭುಜದ ಹತ್ತಿರ ಹಿಡಿದು ಮೇಲೆತ್ತಿದ್ರೆ ಕಿವಿವರೆಗೆ ಜಾರಬಾರದು. 2024ರ ಜನವರಿಯಲ್ಲಿ ವಡೋದರಾದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಟೀಚರ್‌ಗಳು ತೀರಿಕೊಂಡ್ರು. ತುಂಬಾ ಮಕ್ಕಳಿಗೆ ಜಾಕೆಟ್ಟೇ ಇರಲಿಲ್ಲ. “ಐದು ನಿಮಿಷ ತಾನೇ ಸಾರ್” ಅಂತ ದೋಣಿಯವರು ಹೇಳಿದ್ರೆ ಇಳಿದುಬಿಡಿ.

ಇನ್ನು ವರ್ತೂರು ವಿಷಯ. ಅದು ಹೀಗೇ ಇರಬೇಕು ಅಂತೇನಿಲ್ಲ. ಜಕ್ಕೂರು ಕೆರೆಯಲ್ಲಿ ಕೊಳಚೆ ನೀರು ಮೊದಲು ಶುದ್ಧೀಕರಣ ಘಟಕಕ್ಕೆ, ಆಮೇಲೆ ಜೊಂಡು ಬೆಳೆಸಿದ ಜೌಗಿಗೆ, ಕೊನೆಗೆ ಕೆರೆಗೆ ಹೋಗೋ ವ್ಯವಸ್ಥೆ ಇದೆ. ಅದೂ ಸಮಸ್ಯೆ ಇಲ್ಲದ ಕೆರೆ ಅಲ್ಲ, ಆದ್ರೆ ದಾರಿ ಅದೇ. ನಮ್ಮ ಕಡೆ ನೊರೆಗೆ ಕಾರಣ ಬರೀ ಕಾರ್ಖಾನೆ ಅಲ್ಲ, ನಮ್ಮ ವಾಷಿಂಗ್ ಮಷೀನ್‌ನ ಸೋಪಿನ ನೀರೂ ಇದೆ. ಹಾಗಾಗಿ ಮುಂದಿನ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಪಾರ್ಕಿಂಗ್ ಜಗಳಕ್ಕೆ ಮುಂಚೆ ಎರಡು ಪ್ರಶ್ನೆ ಕೇಳಿ: ನಮ್ಮ ಎಸ್‌ಟಿಪಿ ದಿನಾ ಓಡ್ತಿದ್ಯಾ? ಅದರಿಂದ ಹೊರಗೆ ಹೋಗೋ ನೀರಿನ ಬಿಒಡಿ ಎಷ್ಟು?

ಕೆರೆ ಅಭಿವೃದ್ಧಿ ಅಂದ್ರೆ ನಮಗೆ ತೋರಿಸೋದು ವಾಕಿಂಗ್ ಪಾತ್, ಬೇಲಿ, ಸೆಲ್ಫಿ ಪಾಯಿಂಟ್. ಅದೆಲ್ಲ ದಡದ ಕೆಲಸ. ಮುಂದಿನ ಸಲ ಯಾರಾದ್ರೂ ಬಂದು ಕೆರೆ ಸರಿ ಮಾಡಿದ್ದೀವಿ ಅಂದ್ರೆ ಒಂದೇ ಮಾತು ಕೇಳಿ: ಬಿ ದರ್ಜೆ ಬಂತಾ, ನಮ್ಮ ಮಗು ಇದರಲ್ಲಿ ಬೀಳಬಹುದಾ?

ನಿಮ್ಮ ಏರಿಯಾ ಕೆರೆ ಯಾವ ದರ್ಜೆಯಲ್ಲಿದೆ ಅಂತ ಮಂಡಳಿಯ ಪಟ್ಟಿಯಲ್ಲಿ ನೋಡಿ, ನನಗೊಂದು ವಾಯ್ಸ್ ನೋಟ್ ಕಳಿಸಿ. ಬಂದಷ್ಟು ಹೆಸರುಗಳನ್ನ ಮುಂದಿನ ಎಪಿಸೋಡ್‌ನಲ್ಲಿ ಓದ್ತೀನಿ. ಸಿಗೋಣ.