ಸಾಕ್ಷ್ಯಚಿತ್ರದ ಕಣ್ಣಿನಲ್ಲಿ ಜಗದ್ಗುರುಪೀಠ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವ ಸಮಿತಿಯವರು ನನಗೆ ಒಪ್ಪಿಸಿರುವ ವಿಷಯ ಹಬ್ಬದ ಚಪ್ಪರದಲ್ಲಿ ಆಡತಕ್ಕದ್ದಲ್ಲವೆಂದು ಕೆಲವರಿಗೆ ತೋರಬಹುದು. ನೂರು ವರ್ಷಗಳ ದೈವೋಪಕಾರಗಳನ್ನು ನೆನೆಯಬೇಕಾದ ಹೊತ್ತಿನಲ್ಲಿ ಟೆಲಿವಿಷನ್ನಿನ ಸಾಕ್ಷ್ಯಚಿತ್ರಗಳ ಮಾತೇಕೆ? ಆದರೆ ಈ ವಿಷಯವನ್ನು ಆರಿಸಿದವರು ನಮ್ಮ ಯುವಜನರು. ಅವರ ಪ್ರಶ್ನೆಯನ್ನು ಬದಿಗೆ ಸರಿಸಿ ಬೇರೇನನ್ನೋ ಉಪದೇಶಿಸುವುದು ಗುರುವಿಗೆ ತಕ್ಕುದಲ್ಲ.

ಒಂದು ಕಾಲದಲ್ಲಿ ಈ ಮಲೆನಾಡಿನ ಕಥೋಲಿಕ ಮನೆಗಳಲ್ಲಿ ಜಗದ್ಗುರುಗಳೆಂದರೆ ಗೋಡೆಯ ಕ್ಯಾಲೆಂಡರಿನಲ್ಲಿ ಕೈಯೆತ್ತಿ ಆಶೀರ್ವದಿಸುವ ಒಂದು ಚಿತ್ರ. ಇಂದು ಅದೇ ಮನೆಯ ಮಗ ಅಂಗೈಯಗಲದ ಯಂತ್ರದಲ್ಲಿ ರೋಮ್ ನಗರದ ಒಳಹೊರಗನ್ನೆಲ್ಲ ನೋಡುತ್ತಾನೆ. ಲಿಂಗನಮಕ್ಕಿಯ ನೀರು ವಿದ್ಯುತ್ತಾಗಿ ಊರೂರಿಗೆ ಹರಿದು ನಮ್ಮ ಮನೆಗಳ ಪರದೆಗಳನ್ನೂ ಬೆಳಗಿಸಿತು. ಆ ಪರದೆಯ ಮೇಲೆ ಏನು ಬರಬೇಕೆಂಬುದನ್ನು ನಿರ್ಧರಿಸುವವರು ಮಾತ್ರ ದೂರದಲ್ಲಿದ್ದಾರೆ. ಅಲ್ಲಿ ಬರುವ ಚಿತ್ರಗಳ ಹದ ಎಲ್ಲರಿಗೂ ಗೊತ್ತು. ಕತ್ತಲೆ ತುಂಬಿದ ಓಣಿ, ಉರಿಯುವ ದೀವಟಿಗೆ, ಕೆಂಪು ನಿಲುವಂಗಿಯ ಬೆನ್ನು, ಗಂಭೀರ ಸಂಗೀತ, ಅದರ ಮೇಲೆ ಪಿಸುದನಿಯ ನಿರೂಪಣೆ. ಇದನ್ನು ಕಂಡ ಹಿರಿಯರು ‘ಆರಿಸಿಬಿಡಿ, ಅದೆಲ್ಲ ಸುಳ್ಳು’ ಎನ್ನುತ್ತಾರೆ. ಕಿರಿಯರು ‘ಇದನ್ನು ನಮಗೆ ಮೊದಲೇ ಏಕೆ ಹೇಳಲಿಲ್ಲ?’ ಎನ್ನುತ್ತಾರೆ. ಎರಡನೆಯ ಮಾತು ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಹಾಗೆ ಕೇಳಿ ಉತ್ತರ ಸಿಗದವನು ಜಗಳವಾಡುವುದಿಲ್ಲ. ಮೆಲ್ಲನೆ ದೇವಾಲಯದ ಹಿಂದಿನ ಸಾಲಿಗೆ ಸರಿದು, ಅಲ್ಲಿಂದ ಒಂದು ದಿನ ಹೊರಗೆ ಹೋಗುತ್ತಾನೆ.

ಆದುದರಿಂದ ಮೊದಲು ನಿಜವಾದುದನ್ನು ನಿಜವೆಂದೇ ಹೇಳೋಣ. ಆರನೆಯ ಅಲೆಕ್ಸಾಂಡರ್ ಜಗದ್ಗುರುವಾಗಿ ನಡೆಸಿದ ಬಾಳು ಆ ಪೀಠಕ್ಕೆ ಭೂಷಣವಾಗಿರಲಿಲ್ಲ. ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ 1560ರಲ್ಲಿ ಆರಂಭವಾಗಿ, ನಡುವೆ ಕೆಲವು ವರ್ಷ ನಿಂತು, 1812ರವರೆಗೆ ನಡೆಯಿತು. ಅದರ ಸೆರೆಮನೆಯ ವೃತ್ತಾಂತವನ್ನು 1687ರಲ್ಲಿ ಅಚ್ಚು ಹಾಕಿಸಿದವನು ಅಲ್ಲಿ ಬಂಧಿಯಾಗಿದ್ದ ಡೆಲೋನ್ ಎಂಬ ಫ್ರೆಂಚ್ ವೈದ್ಯ, ಅವನೂ ಕಥೋಲಿಕನೇ. ಕವಿ ದಾಂತೆ ತನ್ನ ನರಕದಲ್ಲಿ ಜಗದ್ಗುರುಗಳನ್ನೇ ಇರಿಸಿದನು. ಸಿಯೆನಾದ ಸಂತ ಕ್ಯಾಥರಿನಳು ಹನ್ನೊಂದನೆಯ ಗ್ರೆಗೊರಿಯವರಿಗೆ ಬರೆದ ಪತ್ರಗಳಲ್ಲಿ ಬರಿಯ ವಂದನೆ ಮಾತ್ರವೇ ಇರಲಿಲ್ಲ, ಕಟುವಾದ ಬುದ್ಧಿವಾದವೂ ಇತ್ತು. 2000ದ ಮಾರ್ಚ್ 12ರಂದು ಎರಡನೆಯ ಜಾನ್ ಪೌಲ್ ಸಂತ ಪೇತ್ರರ ಮಹಾದೇವಾಲಯದಲ್ಲಿ, ಧರ್ಮಸಭೆಯ ಮಕ್ಕಳು ಸತ್ಯದ ಹೆಸರಿನಲ್ಲಿ ಎಸಗಿದ ಬಲಾತ್ಕಾರಕ್ಕಾಗಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ಜಗದ್ಗುರುಗಳೇ ಕ್ಷಮೆ ಬೇಡಿದ ಸಂಗತಿಯನ್ನು ನಾವು ಮುಚ್ಚಿಡಲು ಹೊರಟರೆ ಅದು ವಿಶ್ವಾಸವಾಗದು, ಹೆದರಿಕೆಯಾದೀತು.

ಹಾಗಾದರೆ ಈ ಚಿತ್ರಗಳ ಮೇಲೆ ನನ್ನ ಆಕ್ಷೇಪವಾದರೂ ಏನು? ಜಗದ್ಗುರುಗಳ ದೋಷಗಳನ್ನು ತೋರಿಸುತ್ತವೆ ಎಂದಲ್ಲ. ಒಂದು ಅರಮನೆಯನ್ನು ತೋರಿಸಿ ಇದೇ ಇಡೀ ಧರ್ಮಸಭೆ ಎನ್ನುತ್ತವೆ. ಅಲ್ಲದೆ ತಾವು ಹೇಳುವುದು ಯಾವ ಸಾಕ್ಷಿಯ ಬಾಯಿಂದ ಬಂತೆಂಬುದನ್ನು ಹೇಳದೆ ಬಿಡುತ್ತವೆ. ಉದಾಹರಣೆಗೆ, 1980ರಲ್ಲಿ ಬಂದ ಕಾರ್ಲ್ ಸೇಗನರ ‘ಕಾಸ್ಮೋಸ್’ ಮಾಲೆ ಲೋಕವಿಖ್ಯಾತವಾದುದು. ವಿಜ್ಞಾನವನ್ನು ಅಷ್ಟು ಸೊಗಸಾಗಿ ಹೇಳಿದ ಚಿತ್ರಗಳು ವಿರಳ. ಅದರ ಕೊನೆಯ ಕಂತಿನಲ್ಲಿ ಅಲೆಕ್ಸಾಂಡ್ರಿಯಾದ ವಿದುಷಿ ಹಿಪೇಷಿಯಾಳ ಕೊಲೆಯ ಕಥೆ ಬರುತ್ತದೆ. ಕ್ರೈಸ್ತರ ಗುಂಪೊಂದು 415ರಲ್ಲಿ ಆಕೆಯನ್ನು ಕೊಂದುದು ನಿಜ, ಘೋರ. ಆದರೆ ಅದರ ಬೆನ್ನಿಗೇ ಅಲ್ಲಿನ ಮಹಾಗ್ರಂಥಾಲಯದ ಕೊನೆಯ ಅವಶೇಷವೂ ನಾಶವಾಯಿತೆಂದು ಚಿತ್ರ ಸೇರಿಸುತ್ತದೆ. ಆ ಕೊಲೆಯ ಸಂಗತಿ ನಮಗೆ ತಿಳಿದಿರುವುದು ಮುಖ್ಯವಾಗಿ ಸಾಕ್ರೆಟೀಸ್ ಎಂಬ ಹೆಸರಿನ ಐದನೆಯ ಶತಮಾನದ ಕ್ರೈಸ್ತ ಇತಿಹಾಸಕಾರನಿಂದ. ಅವನು ಗ್ರಂಥಾಲಯದ ಮಾತನ್ನೇ ಎತ್ತುವುದಿಲ್ಲ. ಇಂಥ ಕೃತ್ಯ ಕ್ರೈಸ್ತರಿಗೆ ಎಂದಿಗೂ ಸಲ್ಲದೆಂದು ಮಾತ್ರ ಬರೆದಿದ್ದಾನೆ. ಕೊಂದವರು ಕ್ರೈಸ್ತರು, ಆ ಪಾತಕವನ್ನು ಖಂಡಿಸಿ ದಾಖಲಿಸಿದವನೂ ಕ್ರೈಸ್ತನು. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಬಿಟ್ಟರೆ ಅದು ಅರ್ಧ ಸಾಕ್ಷ್ಯ.

ಇನ್ನು ಗೆಲಿಲಿಯೋ. ಈ ಹೆಸರು ಬಾರದ ಸಾಕ್ಷ್ಯಚಿತ್ರವೇ ಇಲ್ಲವೆನ್ನಬಹುದು. 1633ರಲ್ಲಿ ಅವನನ್ನು ಬಲವಂತದಿಂದ ತನ್ನ ಮತವನ್ನು ತ್ಯಜಿಸುವಂತೆ ಮಾಡಿದುದು ಅನ್ಯಾಯ. 1992ರ ಅಕ್ಟೋಬರ್ 31ರಂದು ಎರಡನೆಯ ಜಾನ್ ಪೌಲ್ ಅಂದಿನ ದೇವಶಾಸ್ತ್ರಜ್ಞರು ತಪ್ಪಿದರೆಂದು ಒಪ್ಪಿಕೊಂಡರು. ಪರದೆಯ ಮೇಲೆ ಕೆಲವೊಮ್ಮೆ ಕಾಣುವ ಕತ್ತಲಕೋಣೆ, ಸರಪಳಿಗಳು ಮಾತ್ರ ಕಲ್ಪನೆ. ಅವನು ತನ್ನ ಕೊನೆಯ ವರ್ಷಗಳನ್ನು ಫ್ಲಾರೆನ್ಸಿನ ಬಳಿಯ ತನ್ನ ಮನೆಯಲ್ಲಿಯೇ ಬಂಧನದಲ್ಲಿ ಕಳೆದನು. ಇಷ್ಟು ಹೇಳಿ ಮುಂದೆ ಹೋಗುತ್ತಿದ್ದೆ. ಆದರೆ ಈ ವಿಚಾರಣೆ ನಡೆಸಿದ ಜಗದ್ಗುರು ಎಂಟನೆಯ ಅರ್ಬನ್ ಅವರಿಗೂ ನಮ್ಮ ಸಾಗರ ಸೀಮೆಗೂ ಒಂದು ನಂಟಿದೆ. ಯಾವ ಸಾಕ್ಷ್ಯಚಿತ್ರವೂ ಅದನ್ನು ತೋರಿಸಿದಂತೆ ನನಗೆ ಕಂಡಿಲ್ಲ.

ಅರ್ಬನ್ ಜಗದ್ಗುರುವಾಗಿ ಆಯ್ಕೆಯಾದುದು 1623ರ ಆಗಸ್ಟಿನಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಯಾತ್ರಿಕ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಗೋವೆಯಿಂದ ಹೊರಟು, ಹೊನ್ನಾವರದ ಮಾರ್ಗವಾಗಿ ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಆಸ್ಥಾನವಿದ್ದ ಇಕ್ಕೇರಿಗೆ ಬಂದನು. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ಹಾಡುತ್ತ ಲೆಕ್ಕ ಕಲಿಯುವುದನ್ನು ಕಂಡು ಬೆರಗಾಗಿ ಬರೆದಿಟ್ಟನು. ಮರಳಿನ ಮೇಲೆ ಬರೆದು ಅಕ್ಷರ ಕಲಿತ ಅಜ್ಜಂದಿರ ಮೊಮ್ಮಕ್ಕಳು ಇಲ್ಲಿ ಎಷ್ಟೋ ಮಂದಿ ಕುಳಿತಿದ್ದೀರಿ. ಈ ಯಾತ್ರಿಕ 1626ರಲ್ಲಿ ರೋಮಿಗೆ ಹಿಂದಿರುಗಿದಾಗ ಅದೇ ಅರ್ಬನ್ ಅವನನ್ನು ತಮ್ಮ ಪರಿವಾರದಲ್ಲಿ ಸೇರಿಸಿಕೊಂಡರು. ಇಕ್ಕೇರಿಯ ಬೀದಿಯಲ್ಲಿ ನಡೆದಾಡಿದವನೊಬ್ಬ ಜಗದ್ಗುರುಗಳ ಆಸ್ಥಾನಿಕನಾದನು.

ಅಷ್ಟೇ ಅಲ್ಲ. 1622ರಲ್ಲಿ ಸ್ಥಾಪನೆಯಾದ ಪ್ರೊಪಗಾಂಡ ಎಂಬ ಧರ್ಮಪ್ರಚಾರ ಮಂಡಳಿ ಅರ್ಬನ್ನರ ಕಾಲದಲ್ಲಿ, 1637ರಲ್ಲಿ, ಗೋವೆಯ ಮತ್ತೇಯು ದೆ ಕಾಸ್ತ್ರೊ ಎಂಬ ಭಾರತೀಯನನ್ನು ಧರ್ಮಾಧ್ಯಕ್ಷನಾಗಿ ಅಭಿಷೇಕಿಸಿತು. ಗೆಲಿಲಿಯೋವಿನ ತೀರ್ಪಿಗೆ ನಾಲ್ಕು ವರ್ಷಗಳ ತರುವಾಯದ ಮಾತು ಇದು. ಗೋವೆಯ ಪೋರ್ಚುಗೀಸ್ ಅಧಿಕಾರಿಗಳು ಅವರನ್ನು ಮಾನ್ಯ ಮಾಡಲಿಲ್ಲ. ‘ಭಾರತೀಯನೂ ಧರ್ಮಾಧ್ಯಕ್ಷನಾಗಬಹುದು’ ಎಂದು ರೋಮ್ ಹೇಳುತ್ತಿತ್ತು, ‘ನಮ್ಮ ರಾಜನ ಹಕ್ಕಿಗೆ ಚ್ಯುತಿ’ ಎಂದು ಗೋವೆ ಹೇಳುತ್ತಿತ್ತು. ಆ ಕಲಹದ ಬಿಸಿ ನಮ್ಮ ಕನ್ನಡ ಜಿಲ್ಲೆಯ ಇಗರ್ಜಿಗಳನ್ನೂ ತಟ್ಟಿತು. ಒಬ್ಬನೇ ಜಗದ್ಗುರು, ಒಂದು ಕಡೆ ಅನ್ಯಾಯದ ತೀರ್ಪು, ಇನ್ನೊಂದು ಕಡೆ ತನ್ನ ಕಾಲಕ್ಕೆ ಮೀರಿದ ನ್ಯಾಯ. ಒಂದು ಗಂಟೆಯ ಚಿತ್ರಕ್ಕೆ ಇಂಥ ಮನುಷ್ಯ ಒಗ್ಗುವುದಿಲ್ಲ. ಅದಕ್ಕೆ ಬೇಕಾದವನು ಖಳನಾಯಕ, ತಪ್ಪಿದರೆ ಸಂತ.

ಈ ಸೀಮೆಯ ಕಥೆ ಇನ್ನೂ ಇದೆ. ಗೋವೆಯಿಂದ ಯುದ್ಧ, ಕ್ಷಾಮ, ತೆರಿಗೆ, ಧರ್ಮವಿಚಾರಣೆ ಮೊದಲಾದ ನಾನಾ ಕಾರಣಗಳಿಂದ ದಕ್ಷಿಣಕ್ಕೆ ಬಂದ ಕೊಂಕಣಿ ಕ್ರೈಸ್ತರಿಗೆ ನೆಲೆ ದೊರೆತದ್ದು ಕೆಳದಿ ಅರಸರ ರಾಜ್ಯದಲ್ಲಿ. ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ 1678ರಲ್ಲಿ ಆದ ಒಪ್ಪಂದ ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರ ಮೊದಲಾದೆಡೆ ಇಗರ್ಜಿಗಳಿಗೆ ಅವಕಾಶ ಕೊಟ್ಟಿತು. 1681ರಿಂದ 1684ರವರೆಗೆ ಕನ್ನಡ ಜಿಲ್ಲೆಯಲ್ಲಿ ಊರೂರು ಅಲೆದು, ಆ ಅಧಿಕಾರ ಕಲಹದ ನಡುವೆ ಸಮಾಧಾನದ ದಾರಿ ಹುಡುಕಿದ ಗುರು ಜೋಸೆಫ್ ವಾಜ್. ಅವರನ್ನು 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್ ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು. ಅವರು ಇಲ್ಲಿ ದುಡಿದ ಕಾಲದಲ್ಲಿ ಕರಾವಳಿಗೆ ಆಜ್ಞೆ ಹೋಗುತ್ತಿದ್ದುದು ಬಿದನೂರಿನಿಂದ, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರದಿಂದ. ಶಿವಭಕ್ತೆಯಾದ ರಾಣಿಯ ನೆರಳಿನಲ್ಲಿ ಬೆಳೆದ ಕಥೋಲಿಕ ಇತಿಹಾಸ ಇದು. ಜಗದ್ಗುರುಪೀಠದ ಇತಿಹಾಸವನ್ನು ಯುರೋಪಿನ ಅರಮನೆಗಳಲ್ಲೇ ಹುಡುಕುವವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಹಿನ್ನೀರನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದಾಗ ಊರುಗಳ ಜೊತೆಗೆ ಇನ್ನೊಂದು ಅಣೆಕಟ್ಟೂ ಮುಳುಗಿತು: 1948ರಲ್ಲಿ ಮುಗಿದಿದ್ದ ಮಡೆನೂರಿನ ಹಿರೇಭಾಸ್ಕರ. ನೀರು ತೀರ ಇಳಿದ ಬೇಸಿಗೆಗಳಲ್ಲಿ ಅದು ಮೇಲೆದ್ದು ಕಾಣುತ್ತದೆ. ಮಳೆಗಾಲದಲ್ಲಿ ಕ್ಯಾಮರಾ ಹಿಡಿದು ಬಂದವನು ಒಂದೇ ಅಣೆಕಟ್ಟನ್ನು ಚಿತ್ರಿಸಿಕೊಂಡು ಹೋಗುತ್ತಾನೆ. ಅವನು ಸುಳ್ಳುಗಾರನಲ್ಲ, ಕೆಳಗೆ ಏನಿತ್ತೆಂದು ಬಲ್ಲವರನ್ನು ಕೇಳಲಿಲ್ಲ, ಅಷ್ಟೆ.

‘ರಹಸ್ಯ ಪತ್ರಾಗಾರ’ ಎಂಬ ಮಾತಿನ ಬಗ್ಗೆಯೂ ಒಂದೆರಡು ಮಾತು. ಈ ಹೆಸರನ್ನು ನಿರೂಪಕರು ಬಹಳ ಸವಿಯುತ್ತಾರೆ. ಲತೀನ್ ಭಾಷೆಯಲ್ಲಿ ಆ ಪದಕ್ಕೆ ‘ಜಗದ್ಗುರುಗಳ ಸ್ವಂತದ್ದು’ ಎಂಬುದಷ್ಟೇ ಅರ್ಥ. ಹದಿಮೂರನೆಯ ಲಿಯೋ 1881ರಲ್ಲಿಯೇ ಅದನ್ನು ವಿದ್ವಾಂಸರಿಗೆ ತೆರೆದರು. ತಪ್ಪು ತಿಳಿವಳಿಕೆ ಬೇಡವೆಂದು 2019ರಲ್ಲಿ ಫ್ರಾನ್ಸಿಸ್ ಹೆಸರನ್ನೇ ಬದಲಾಯಿಸಿದರು. ಹನ್ನೆರಡನೆಯ ಪಿಯೂಸ್ ಯೆಹೂದ್ಯರ ಕಗ್ಗೊಲೆಯ ಕಾಲದಲ್ಲಿ ಮೌನವಾಗಿದ್ದರೆಂಬ ಆರೋಪ 1963ರ ಒಂದು ಜರ್ಮನ್ ನಾಟಕದಿಂದ ಮನೆಮಾತಾಯಿತು. ಅವರ ಕಾಲದ ಕಾಗದಪತ್ರಗಳು ವಿದ್ವಾಂಸರಿಗೆ ದೊರೆತದ್ದು 2020ರ ಮಾರ್ಚ್ 2ರಂದು. ಲಕ್ಷಗಟ್ಟಲೆ ಹಾಳೆಗಳ ಓದು ಇನ್ನೂ ಸಾಗಿದೆ. ಅವರು ನಿರ್ದೋಷಿಯೆಂದು ನಾನು ಇಲ್ಲಿ ಘೋಷಿಸುವುದಿಲ್ಲ, ದೋಷಿಯೆಂದು ಪರದೆ ಘೋಷಿಸಿದರೆ ಒಪ್ಪುವುದೂ ಇಲ್ಲ. ಇಷ್ಟು ಬೇಗ ಏಕೆ ತೆರೆಯಲಿಲ್ಲವೆಂದು ನೀವು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ.

ಮತನಿರಪೇಕ್ಷ ಚಿತ್ರಕಾರರೆಲ್ಲ ನಮ್ಮ ವೈರಿಗಳೆಂದು ತಿಳಿಯಬೇಡಿ. ಸ್ಪೇನಿನ ಧರ್ಮವಿಚಾರಣೆಯ ಕುರಿತ ಕಟ್ಟುಕಥೆಗಳನ್ನು 1994ರಲ್ಲಿ ಬಿಚ್ಚಿಟ್ಟದ್ದು ಬಿಬಿಸಿಯ ಸಾಕ್ಷ್ಯಚಿತ್ರವೇ. ಆ ನ್ಯಾಯಾಲಯದ 44,000ಕ್ಕೂ ಹೆಚ್ಚು ಪ್ರಕರಣಗಳನ್ನು ಪರಿಶೀಲಿಸಿದ ವಿದ್ವಾಂಸರು ಮರಣದಂಡನೆಗೆ ಗುರಿಯಾದವರು ನೂರಕ್ಕೆ ಇಬ್ಬರಿಗಿಂತ ಕಡಿಮೆಯೆಂದು ಕಂಡರು. ಲಕ್ಷಾಂತರ ಮಂದಿಯನ್ನು ಸುಟ್ಟರೆಂಬ ಮಾತು ಬಿದ್ದುಹೋಯಿತು. ಸುಟ್ಟವರ ಪಾಪ ಬಿದ್ದುಹೋಗಲಿಲ್ಲ. ಇನ್ನು ಮಕ್ಕಳ ಮೇಲೆ ಕೆಲವು ಗುರುಗಳು ನಡೆಸಿದ ಅತ್ಯಾಚಾರ. ಈ ಮಾತನ್ನಾಡಲು ನನ್ನ ನಾಲಗೆ ಭಾರವಾಗುತ್ತದೆ, ಆದರೂ ಆಡಬೇಕು. 2002ರಲ್ಲಿ ಬೋಸ್ಟನ್ನಿನ ಪತ್ರಿಕೆಯೊಂದು, ಅನಂತರ ಹಲವು ದೇಶಗಳ ಟೆಲಿವಿಷನ್, ಇದನ್ನು ಬೆಳಕಿಗೆ ತಂದವು. ಅದು ಧರ್ಮಸಭೆಯ ಮೇಲಿನ ದಾಳಿಯೆಂದು ಕೆಲವರು ಕೂಗಿದರು. ಜಗದ್ಗುರು ಫ್ರಾನ್ಸಿಸ್ ಮಾತ್ರ 2021ರಲ್ಲಿ ಪತ್ರಕರ್ತರನ್ನು ಎದುರಿಗೇ ಕರೆದು, ನೊಂದವರಿಗೆ ದನಿಯಾದುದಕ್ಕಾಗಿ ಕೃತಜ್ಞತೆ ಹೇಳಿದರು. ಆ ಚಿತ್ರಗಳನ್ನು ತಂದೆತಾಯಂದಿರು ಆರಿಸದೆ ನೋಡಲಿ ಎಂಬುದೇ ನನ್ನ ಅಭಿಪ್ರಾಯ.

ಕೊನೆಯದಾಗಿ ಒಂದು ಬಿನ್ನಹ. 1563ರಲ್ಲಿ ತ್ರೆಂತ್ ಮಹಾಸಭೆ ಪ್ರತಿಯೊಂದು ಧರ್ಮಕೇಂದ್ರದ ಗುರುವೂ ವಿವಾಹದ ಪುಸ್ತಕವನ್ನು ಜೋಪಾನವಾಗಿ ಇಡಬೇಕೆಂದು ವಿಧಿಸಿತು. ಅದರ ಫಲವಾಗಿ ರಾಜರ ಹೆಸರು ಮಾತ್ರವಲ್ಲದೆ ಕೂಲಿಯವನ, ಬಾಣಸಿಗನ, ವಿಧವೆಯ ಹೆಸರೂ ಕಾಗದದಲ್ಲಿ ಉಳಿಯಿತು. ನಮ್ಮ ಜ್ಞಾನಸ್ನಾನದ ಮತ್ತು ಮದುವೆಯ ಪುಸ್ತಕಗಳೂ ಅಂಥವೇ; ಹಳೆಯ ಹಾಳೆಗಳು ಮಲೆನಾಡಿನ ತೇವಕ್ಕೆ ಮೆತ್ತಗಾಗುತ್ತಿವೆ. ಯುವಕರು ಅವುಗಳ ಪ್ರತಿ ತೆಗೆಯಲು ಮುಂದಾಗಿದ್ದಾರೆ. ಅಣೆಕಟ್ಟೆಯ ಕೆಲಸಕ್ಕೆ ಬಂದ ಮನೆತನದವರಾಗಲಿ, ಮುಳುಗಡೆಯಿಂದ ಎದ್ದುಬಂದವರಾಗಲಿ, ಕರಾವಳಿಯಿಂದ ಘಟ್ಟ ಹತ್ತಿದವರಾಗಲಿ, ನಿಮ್ಮ ಪೆಟ್ಟಿಗೆಗಳಲ್ಲಿ ಹಳೆಯ ಪತ್ರ, ಭಾವಚಿತ್ರ, ಪ್ರಾರ್ಥನಾಪುಸ್ತಕದ ಹಾಳೆಯ ಮೇಲೆ ಅಜ್ಜಿ ಬರೆದಿಟ್ಟ ಜನನ ಮರಣದ ದಿನಾಂಕಗಳು ಇದ್ದರೆ ಭಾನುವಾರ ಎರಡನೆಯ ಪೂಜೆಯ ತರುವಾಯ ಗುರುಗಳ ಮನೆಗೆ ತನ್ನಿರಿ. ಪ್ರತಿ ಮಾಡಿಕೊಂಡು ಅಂದೇ ಹಿಂದಿರುಗಿಸಲಾಗುವುದು. ಅದೇ ದಿನ ಸಂಜೆ ಸಭಾಭವನದಲ್ಲಿ ಯುವಜನರು ಒಂದು ಸಾಕ್ಷ್ಯಚಿತ್ರವನ್ನು ತೋರಿಸಿ, ನಡುವೆ ನಿಲ್ಲಿಸಿ ನಿಲ್ಲಿಸಿ ನನ್ನನ್ನು ಪ್ರಶ್ನೆ ಕೇಳುವರಂತೆ. ಹಿರಿಯರೂ ಬನ್ನಿರಿ.