ಭೇದ ಮತ್ತು ಸಂಘಾತ: ಪುದ್ಗಲವಿಚಾರವೂ ಬೀಜವಿಜ್ಞಾನವೂ
(ಧಾರ್ಮಿಕ ಸಭೆಯ ಉಪನ್ಯಾಸದ ಲಿಖಿತ ರೂಪ)



ಸಿಂಹನಗದ್ದೆಯ ಜ್ವಾಲಾಮಾಲಿನಿ ದೇವಿಯ ಸನ್ನಿಧಿ, ಶೃಂಗೇರಿಯ ಪಾರ್ಶ್ವನಾಥ ಬಸದಿ ಮೊದಲಾದವುಗಳಿಂದ ಪುನೀತವಾದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಈ ಸೀಮೆ ಜಿನಧರ್ಮವನ್ನು ಮಲೆಗಳ ನಡುವೆ ಕಾಪಾಡಿಕೊಂಡು ಬಂದಿದೆ. ಇಂತಹ ನಾಡಿನ ಪ್ರತಿಷ್ಠಾ ಮಹೋತ್ಸವದಲ್ಲಿ ಜೀವತತ್ತ್ವದಂತೆ ಅಜೀವತತ್ತ್ವದ ಚಿಂತನೆಯೂ ಸಲ್ಲತಕ್ಕದ್ದೇ. ಪುದ್ಗಲದ ಸ್ವರೂಪವನ್ನು ಅರಿಯದವನು ಆತ್ಮವನ್ನು ಅದರಿಂದ ಬೇರ್ಪಡಿಸಿ ಕಾಣುವುದಾದರೂ ಹೇಗೆ?

ಕೂಡುವುದು, ಕಳಚುವುದು ಇವೆರಡೂ ಪುದ್ಗಲದ ಲಕ್ಷಣ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಸ್ಕಂಧಗಳು ಭೇದದಿಂದಲೂ ಸಂಘಾತದಿಂದಲೂ ಹುಟ್ಟುತ್ತವೆಂದು ನಿರೂಪಿಸಿದ್ದಾರೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಮೂರನೆಯ ಬಗೆಯೊಂದನ್ನೂ ತೋರಿಸಿದರು: ಒಂದರಿಂದ ಬೇರ್ಪಡುವುದೂ ಮತ್ತೊಂದರೊಡನೆ ಕೂಡುವುದೂ ಏಕಸಮಯದಲ್ಲಿ ನಡೆದು ಸ್ಕಂಧವುಂಟಾಗುವ ಬಗೆ ಅದು.

ಇನ್ನು ಆಧುನಿಕ ವಿಜ್ಞಾನದ ಕಡೆಗೆ ನೋಡೋಣ. 1938ರ ಡಿಸೆಂಬರಿನಲ್ಲಿ ಜರ್ಮನಿಯ ಹಾನ್ ಮತ್ತು ಸ್ಟ್ರಾಸ್‌ಮನ್ ಅವರು ಯುರೇನಿಯಮ್ಮಿಗೆ ನ್ಯೂಟ್ರಾನುಗಳನ್ನು ತಾಗಿಸಿದಾಗ ಬೇರಿಯಂ ದೊರೆಯಿತು. ಲಿಜ಼ೆ ಮೈಟ್ನರ್ ಮತ್ತು ಫ್ರಿಷ್ ಅದರ ಅರ್ಥವನ್ನು ಬಿಡಿಸಿದರು. ಮಳೆಗಾಲದಲ್ಲಿ ಕೆಸುವಿನ ಎಲೆಯ ಮೇಲೆ ಉರುಳಾಡುವ ಹನಿಯನ್ನು ಕಾಣದವರು ಈ ಸೀಮೆಯಲ್ಲಿಲ್ಲ. ಹನಿ ದೊಡ್ಡದಾದಷ್ಟೂ ತುಯ್ದಾಡಿ ಒಡೆಯುತ್ತದೆ. ಭಾರವಾದ ಪರಮಾಣುಬೀಜವೂ ಅಂತಹ ಹನಿ. 92 ಪ್ರೋಟಾನುಗಳ ಯುರೇನಿಯಂ ಬೀಜ 56ರ ಬೇರಿಯಂ, 36ರ ಕ್ರಿಪ್ಟಾನ್ ಎಂದು ಒಡೆಯಬಲ್ಲದು. ಇದೇ ವಿದಳನ, ಅರ್ಥಾತ್ ಭೇದ.

ಸಂಘಾತಕ್ಕೆ ಭಾರ ಅಯಾನುಗಳ ಪ್ರಯೋಗವೇ ನಿದರ್ಶನ. ಕಾರ್ಬನ್, ಆಕ್ಸಿಜನ್, ಕ್ಯಾಲ್ಸಿಯಂ ಮೊದಲಾದವುಗಳ ಬೀಜಗಳಿಗೆ ವೇಗೋತ್ಕರ್ಷಕ ಯಂತ್ರದಲ್ಲಿ ವೇಗವನ್ನಿತ್ತು ಭಾರವಾದ ಬೀಜದ ಮೇಲೆ ಹಾಯಿಸುತ್ತಾರೆ. ಎರಡೂ ಧನವಿದ್ಯುತ್ತುಳ್ಳವಾದ್ದರಿಂದ ದೂರದಲ್ಲಿರುವಾಗ ಒಂದನ್ನೊಂದು ನೂಕುತ್ತವೆ. ಆ ತಡೆಯನ್ನು ದಾಟಿ ತೀರ ಸಮೀಪಿಸಿದರೆ ಪ್ರಬಲವಾದ ಬೈಜಿಕ ಆಕರ್ಷಣೆ ಅವನ್ನು ಬೆಸೆಯುತ್ತದೆ. ಆದರೆ ಬೆಸೆದುದು ಉಳಿಯುವುದು ವಿರಳ. ಕಾದ ಆ ಸಂಯುಕ್ತ ಬೀಜ ಕೆಲವು ನ್ಯೂಟ್ರಾನುಗಳನ್ನು ಹೊರಚೆಲ್ಲಿ ತಣಿಯಬಹುದು, ಇಲ್ಲವೇ ಮರಳಿ ಇಬ್ಭಾಗವಾಗಬಹುದು. ಪೂರ್ಣವಾಗಿ ಬೆರೆಯುವ ಮುನ್ನವೇ ಅಗಲುವುದೂ ಉಂಟು. ರಷ್ಯದ ದುಬ್ನಾದಲ್ಲಿ 98ರ ಕ್ಯಾಲಿಫೋರ್ನಿಯಂ ಮೇಲೆ 20ರ ಕ್ಯಾಲ್ಸಿಯಮ್ಮನ್ನು ಹಾಯಿಸಿ 118ನೆಯ ಮೂಲವಸ್ತುವನ್ನು ಪಡೆದರು. ಸುದೀರ್ಘ ಪ್ರಯೋಗದಿಂದ ದೊರೆತವು ಬೆರಳೆಣಿಕೆಯ ಪರಮಾಣುಗಳು ಮಾತ್ರ. ಅವುಗಳ ಅರ್ಧಾಯುಷ್ಯ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. 2016ರಲ್ಲಿ ಅದಕ್ಕೆ ಒಗನೆಸಾನ್ ಎಂಬ ಹೆಸರಾಯಿತು. ನಮ್ಮ ದೇಶದಲ್ಲಿಯೂ ಮುಂಬಯಿ, ದೆಹಲಿಗಳ ಪೆಲೆಟ್ರಾನ್ ಯಂತ್ರಗಳಲ್ಲಿ ಈ ಕೂಡುವಿಕೆ ಒಡೆಯುವಿಕೆಗಳ ಶೋಧ ನಡೆದುಬಂದಿದೆ.

ಮೂರನೆಯ ಬಗೆಗೂ ಇಲ್ಲಿ ಸಾದೃಶ್ಯವುಂಟು. ಎರಡು ಬೀಜಗಳು ಪರಸ್ಪರ ಸೋಕಿ, ಒಂದರ ಕೆಲವು ಕಣಗಳು ಮತ್ತೊಂದಕ್ಕೆ ಸೇರಿ, ಎರಡೂ ಬೇರೆ ರೂಪದಿಂದ ಅಗಲುತ್ತವೆ.

ಆದರೂ ಪೂರ್ವಾಚಾರ್ಯರು ಅಣುಯಂತ್ರಗಳನ್ನು ಅರಿತಿದ್ದರೆಂದು ಹೇಳುವುದು ಸತ್ಯವ್ರತಕ್ಕೆ ಒಪ್ಪುವ ಮಾತಲ್ಲ. ಆಗಮೋಕ್ತ ಪರಮಾಣು ಅವಿಭಾಜ್ಯ. ವಿಜ್ಞಾನಿಯ ಪರಮಾಣುವಾದರೋ ಒಡೆಯುವಂಥದು, ಆದುದರಿಂದ ನಮ್ಮ ಪರಿಭಾಷೆಯಲ್ಲಿ ಅದು ಸ್ಕಂಧವೇ. ಆಚಾರ್ಯರದು ತತ್ತ್ವದೃಷ್ಟಿ, ವಿಜ್ಞಾನಿಗಳದು ಪ್ರಯೋಗದೃಷ್ಟಿ. ಒಂದರ ಗೌರವಕ್ಕೆ ಮತ್ತೊಂದರ ಸಾಕ್ಷಿ ಬೇಡ. ಅನೇಕಾಂತವನ್ನು ನಂಬಿದವರಿಗೆ ಇದು ಕಷ್ಟದ ಮಾತಲ್ಲ.

ಕಷ್ಟವಾದ ಪ್ರಶ್ನೆ ಬೇರೊಂದಿದೆ. ಒಂದು ಯುರೇನಿಯಂ ಬೀಜ ಒಡೆದಾಗ ಹೊಮ್ಮುವ ಶಕ್ತಿ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್. ಆ ಶಕ್ತಿ ಉತ್ತರ ಕನ್ನಡದ ಕೈಗಾದಲ್ಲಿ 2000ದಿಂದ ವಿದ್ಯುತ್ತಾಗಿ ಹರಿಯುತ್ತಿದೆ. ಅದೇ ಭೇದಕ್ರಿಯೆ 1945ರಲ್ಲಿ ಹಿರೋಷಿಮವನ್ನು ಸುಟ್ಟಿತು. ತುಮಕೂರಿನಲ್ಲಿ ಜನಿಸಿದ ರಾಜಾ ರಾಮಣ್ಣನವರು ವಿದಳನದ ಶೋಧಕರು. 1974ರ ಪೋಖರಣ್ ಸ್ಫೋಟದ ನೇತಾರರೂ ಅವರೇ. ಜೈನಕುಲದಲ್ಲಿ ಜನಿಸಿದ ಭೌತವಿಜ್ಞಾನಿ ದೌಲತ್ ಸಿಂಗ್ ಕೊಠಾರಿಯವರು ರಕ್ಷಣಾ ಸಚಿವಾಲಯದ ವೈಜ್ಞಾನಿಕ ಸಲಹೆಗಾರರಾಗಿದ್ದಾಗಲೇ ಬೈಜಿಕ ಸ್ಫೋಟಗಳ ಪರಿಣಾಮಗಳನ್ನು ಕುರಿತ ಗ್ರಂಥವನ್ನು 1956ರಲ್ಲಿ ಲೋಕದ ಮುಂದಿಟ್ಟರು. ಶಕ್ತಿಯನ್ನು ಬಲ್ಲವನು ಅದರ ಹಿಂಸೆಯನ್ನೂ ತಿಳಿಸಲು ಬದ್ಧನೆಂಬುದಕ್ಕೆ ಅದು ಮೇಲ್ಪಂಕ್ತಿ.

ಪುದ್ಗಲಕ್ಕೆ ಪುಣ್ಯವಿಲ್ಲ, ಪಾಪವಿಲ್ಲ. ಕೂಡುವುದು, ಒಡೆಯುವುದು ಅದರ ಸ್ವಭಾವ. ಹಿಂಸೆಯ ಹೊಣೆ ಪ್ರಮಾದಕ್ಕೆ ವಶನಾದ ಜೀವನದು. ಬಿಂಬದ ಮುಂದೆ ಕೈಮುಗಿಯುವಾಗ ಈ ಎಚ್ಚರವೂ ನಮ್ಮ ಮನೆಗಳಲ್ಲಿ ಪ್ರತಿಷ್ಠಿತವಾಗಲಿ. ನಮ್ಮ ಮಕ್ಕಳು ವಿಜ್ಞಾನವನ್ನು ಕಲಿಯಲಿ, ಅಣುವ್ರತವನ್ನೂ ಬಿಡದಿರಲಿ.

ಜಯ ಜಿನೇಂದ್ರ.